ಕರೆಂಟ್ ದರ ನಿಗದಿಯಾಗುವುದು ಏಪ್ರಿಲ್‌ನಲ್ಲಲ್ಲ

ಹೊಸ ದರದ ಮೊದಲ ಬಿಲ್ ಹಿಡಿದುಕೊಂಡು ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಜಗಳ ಮಾಡುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಂದ ಹಿಡಿದು ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ತನಕ ವರ್ಷಕ್ಕೊಮ್ಮೆ ನಡೆಯುವ ಕೆಲಸ. ಫಲವಿಲ್ಲದ ಕೆಲಸವೂ ಹೌದು. ಟೇಬಲ್ಲಿನ ಆಚೆ ಕೂತ ಎಂಜಿನಿಯರಿಗೆ ಮೀಟರ್ ಬದಲಿಸುವ ಅಧಿಕಾರವಿದೆ, ದರ ಬದಲಿಸುವ ಅಧಿಕಾರವಿಲ್ಲ. ದರ ಬರೆಯುವುದು ಬೆಂಗಳೂರಿನ ವಸಂತನಗರದಲ್ಲಿರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಎಲ್ಲರ ಬಾಯಲ್ಲಿ ಕೆಇಆರ್‌ಸಿ. ಅದರ ಮುಂದೆ ಯಾರು ಬೇಕಾದರೂ ಬಾಯಿ ಬಿಡಬಹುದು. ಆದರೆ ಅದಕ್ಕೆ ಸಿಗುವುದು ವರ್ಷದಲ್ಲಿ ಸುಮಾರು ಮೂವತ್ತು ದಿನ. ಆ ಮೂವತ್ತು ದಿನ ಬರುವುದು ಚಳಿಗಾಲದಲ್ಲಿ, ಭದ್ರಾ ಅಚ್ಚುಕಟ್ಟಿನ ಭತ್ತ ಗಿರಣಿ ಅಂಗಳದಲ್ಲಿ ಒಣಗುತ್ತಾ ಬಿದ್ದಿರುವಾಗ. ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದ ಪ್ರಕಟಣೆ ಓದುವ ಪುರುಸೊತ್ತು ಆಗ ಯಾವ ಗಿರಣಿಯವನಿಗೂ ಇರುವುದಿಲ್ಲ.

ಈ ಬರಹ ಆ ದಿನಗಳ ಲೆಕ್ಕದ ಬಗ್ಗೆ. ಕರೆಂಟನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ, ಏಕೆಂದರೆ ನಿಯಂತ್ರಣಕ್ಕೆ ಒಳಪಟ್ಟ ಉದ್ಯಮಗಳಲ್ಲಿ ಇಷ್ಟು ಸ್ಪಷ್ಟವಾಗಿ ತಾರೀಕು ಕಟ್ಟಿಕೊಟ್ಟ ಕಾನೂನು ಇನ್ನೊಂದಿಲ್ಲ.

ಮೊದಲು ಒಂದು ಭೇದ ತಿಳಿದಿರಬೇಕು. ಕಾನೂನಿನಲ್ಲಿ ಪರಿಷ್ಕರಣೆಯ ಅವಧಿ ಎಂದು ಬರೆದಿದ್ದರೆ ಅದರ ಅರ್ಥ ಎರಡಿರಬಹುದು: ‘ಇಷ್ಟರೊಳಗೆ ಮಾಡಲೇಬೇಕು’, ಇಲ್ಲವೇ ‘ಇಷ್ಟರೊಳಗೆ ಮಾಡುವಂತಿಲ್ಲ’. ಕನಿಷ್ಠ ವೇತನ ಮೊದಲನೆಯ ಜಾತಿಯದು. ಐದು ವರ್ಷ ಮೀರದಂತೆ ಸರ್ಕಾರ ಅದನ್ನು ಮರುಪರಿಶೀಲಿಸಬೇಕು. 1948ರ ಕಾಯ್ದೆಯಲ್ಲೂ ಹಾಗೇ ಇತ್ತು, ಈಗಿನ ವೇತನ ಸಂಹಿತೆಯಲ್ಲೂ ಹಾಗೇ ಇದೆ. ಚಿತ್ರದುರ್ಗದ ಕಬ್ಬಿಣದ ಅದಿರಿಗೆ ಕಟ್ಟುವ ರಾಜಧನ, ಅಂದರೆ ರಾಯಲ್ಟಿ, ಎರಡನೆಯ ಜಾತಿ. ಗಣಿ ಮತ್ತು ಖನಿಜ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಮೂರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಏರಿಸುವಂತಿಲ್ಲ. ಮೂರು ವರ್ಷವಾದ ಮೇಲೆ ಏರಿಸಲೇಬೇಕು ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಅದಿರಿನ ರಾಜಧನ ಶೇ 10ರಿಂದ 15ಕ್ಕೆ ಏರಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದಾದ ಮೂರನೇ ವರ್ಷಕ್ಕೆ ಸರಿಯಾಗಿ ಇನ್ನೊಂದು ಏರಿಕೆ ಬಂದೇ ಬರುತ್ತದೆಂದು ಲೆಕ್ಕ ಹಾಕಿ ಕೂತವರು ಈ ಭೇದವನ್ನೇ ಮರೆತಿದ್ದರು. ಮೊದಲ ಜಾತಿಯ ನಿಯಮದಲ್ಲಿ ತಡವಾದರೆ ನೀವು ಕೇಳಬಹುದು. ಎರಡನೆಯದರಲ್ಲಿ ತಡ ಎನ್ನುವುದೇ ಇಲ್ಲ.

ಕರೆಂಟ್ ದರದಲ್ಲಿ ಎರಡೂ ಇವೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಸೆಕ್ಷನ್ 62(4) ಹೇಳುವುದು: ಒಂದು ಹಣಕಾಸು ವರ್ಷದಲ್ಲಿ ದರವನ್ನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ತಿದ್ದುವಂತಿಲ್ಲ, ಇಂಧನ ವೆಚ್ಚದ ಸೂತ್ರದ ಪ್ರಕಾರ ಆಗುವ ಹೆಚ್ಚುಕಮ್ಮಿ ಬಿಟ್ಟು. ಇದು ‘ಮಾಡುವಂತಿಲ್ಲ’. ‘ಮಾಡಲೇಬೇಕು’ ಬಂದದ್ದು ಬೇರೆ ಕಡೆಯಿಂದ. ದೇಶದ ಹಲವು ರಾಜ್ಯಗಳಲ್ಲಿ ಆಯೋಗಗಳು ವರ್ಷಗಟ್ಟಲೆ ದರ ಮುಟ್ಟದೆ ಕೂತಿದ್ದಾಗ, ದೆಹಲಿಯ ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿ 2011ರ ನವೆಂಬರ್ 11ರಂದು ಒಂದು ಆದೇಶ ಕೊಟ್ಟಿತು. ಪ್ರತಿ ವರ್ಷ ದರ ನಿಗದಿ ಆಗಬೇಕು, ಹಿಂದಿನ ವರ್ಷದ ಲೆಕ್ಕ ಸರಿಹೊಂದಿಸಬೇಕು. ಕಂಪನಿ ಅರ್ಜಿ ಹಾಕುವುದು ಒಂದು ತಿಂಗಳಿಗಿಂತ ತಡವಾದರೆ ಆಯೋಗ ತಾನಾಗಿಯೇ ಪ್ರಕರಣ ಶುರು ಮಾಡಬೇಕು ಎಂದು. ಏಪ್ರಿಲ್ ಬಂತೆಂದರೆ ದರದ ಸುದ್ದಿ ಬಂದೇ ಬರುತ್ತದೆ ಎನ್ನುವ ಈಗಿನ ವಾಡಿಕೆ ಗಟ್ಟಿಯಾದದ್ದು ಆ ಆದೇಶದಿಂದ.

ನವೆಂಬರ್ 30

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಕರೆಂಟ್ ಕೊಡುವುದು ಬೆಸ್ಕಾಂ. ಮುಂದಿನ ವರ್ಷಕ್ಕೆ ತನಗೆಷ್ಟು ಹಣ ಬೇಕು ಎನ್ನುವ ಲೆಕ್ಕವನ್ನು, ಎಆರ್‌ಆರ್ ಎಂದು ಕರೆಯುವ ಆ ದಪ್ಪ ಅರ್ಜಿಯನ್ನು, ಅದು ನವೆಂಬರ್ 30ರೊಳಗೆ ಆಯೋಗಕ್ಕೆ ಕೊಡಬೇಕು. ಈ ತಾರೀಕು ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. ಸೆಕ್ಷನ್ 64(3)ರ ಪ್ರಕಾರ ಅರ್ಜಿ ಬಂದ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು. ಎಣಿಸಿ ನೋಡಿ: ಡಿಸೆಂಬರ್‌ನ 31, ಜನವರಿಯ 31, ಫೆಬ್ರವರಿಯ 28, ಒಟ್ಟು 90. ಇನ್ನು ಉಳಿದದ್ದು 30. ಮಾರ್ಚ್ 30ಕ್ಕೆ ಸರಿಯಾಗಿ 120 ಮುಗಿಯುತ್ತದೆ. ಹಣಕಾಸು ವರ್ಷ ಮುಗಿಯಲು ಒಂದೇ ದಿನ ಬಾಕಿ.

ಒಂದೇ ದಿನದ ಅಂತರ ಇಟ್ಟುಕೊಂಡು ಕಟ್ಟಿದ ಪಂಚಾಂಗ ಇದು. ಹಾಗಾಗಿ ಎಲ್ಲಾದರೂ ಒಂದು ವಾರ ಜಾರಿದರೆ ಇಡೀ ಸಾಲು ಜಾರುತ್ತದೆ. ಜಾರುವುದು ಹೆಚ್ಚಾಗಿ ಮೊದಲ ಹಂತದಲ್ಲೇ. ಅರ್ಜಿ ಬಂದ ಕೂಡಲೇ ಆಯೋಗದ ಸಿಬ್ಬಂದಿ ಅದನ್ನು ತಿರುವಿ ಹಾಕಿ ಪ್ರಾಥಮಿಕ ಟಿಪ್ಪಣಿ ಕಳಿಸುತ್ತಾರೆ: ಈ ಅಂಕಿ ಲೆಕ್ಕಪರಿಶೋಧಿತ ಪುಸ್ತಕಕ್ಕೆ ತಾಳೆಯಾಗುತ್ತಿಲ್ಲ, ಪಂಪ್‌ಸೆಟ್ ಬಳಕೆಯನ್ನು ಹೇಗೆ ಅಂದಾಜಿಸಿದಿರಿ, ನಷ್ಟದ ಲೆಕ್ಕ ಎಲ್ಲಿ, ಹೀಗೆ. ಅದಕ್ಕೆ ಕಂಪನಿ ಉತ್ತರ ಕೊಟ್ಟ ಮೇಲೆಯೇ ಅರ್ಜಿಯ ಸಾರಾಂಶ ಪೇಪರಿನಲ್ಲಿ ಬರುವುದು. ಕಂಪನಿಯ ಉತ್ತರ ತಡವಾದರೆ ಪ್ರಕಟಣೆ ಡಿಸೆಂಬರ್ ಬದಲು ಜನವರಿಗೆ ಹೋಗುತ್ತದೆ. ಅಲ್ಲಿಂದ ಆಕ್ಷೇಪಣೆಗೆ ಮೂವತ್ತು ದಿನ, ಆಮೇಲೆ ಪ್ರತಿಯೊಂದು ಆಕ್ಷೇಪಣೆಗೂ ಕಂಪನಿಯ ಲಿಖಿತ ಉತ್ತರ, ಸಾರ್ವಜನಿಕ ವಿಚಾರಣೆ, ಸಲಹಾ ಸಮಿತಿಯ ಸಭೆ, ಆದೇಶದ ಕರಡು. ಮಾರ್ಚ್‌ನಲ್ಲಿ ಆ ಕಚೇರಿಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ ಅನ್ನಿಸುತ್ತದೆ.

ಚುನಾವಣೆ ಬಂದರೆ ಇನ್ನೊಂದು ರಗಳೆ. 2023ರಲ್ಲಿ ಏನಾಯಿತೆಂದು ಈ ಭಾಗದ ಉದ್ಯಮಿಗಳಿಗೆ ಮರೆತಿರಲಿಕ್ಕಿಲ್ಲ. ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ದರದ ಆದೇಶ ಹೊರಬಿದ್ದದ್ದು ಮತದಾನ ಮುಗಿದು ಎರಡು ದಿನಕ್ಕೆ, ಮೇ 12ರಂದು. ಸರಾಸರಿ ಯೂನಿಟ್‌ಗೆ 70 ಪೈಸೆ ಏರಿಕೆ, ಅದೂ ಏಪ್ರಿಲ್ 1ರಿಂದಲೇ ಅನ್ವಯ. ಆಗಲೇ ಕಟ್ಟಿ ಮುಗಿಸಿದ್ದ ಬಳಕೆಯ ವ್ಯತ್ಯಾಸ ಜೂನ್ ಬಿಲ್ಲಿನಲ್ಲಿ ಬಾಕಿಯಾಗಿ ಬಂತು. ಜೂನ್ 22ಕ್ಕೆ ಉದ್ಯಮಗಳು ಬಂದ್ ಕರೆ ಕೊಟ್ಟವು. ಆ ಸಿಟ್ಟಿನಲ್ಲಿ ನ್ಯಾಯವಿತ್ತು, ಏಕೆಂದರೆ ಏಪ್ರಿಲ್‌ನಲ್ಲಿ ಮಾರಿದ ಮಂಡಕ್ಕಿ ಚೀಲಕ್ಕೆ ಜೂನ್‌ನಲ್ಲಿ ಬೆಲೆ ಏರಿಸಲು ಆಗುವುದಿಲ್ಲ. ಆದರೆ ಏರಿಕೆಯ ಪ್ರಸ್ತಾವ ಹಿಂದಿನ ಚಳಿಗಾಲದಲ್ಲೇ ಪೇಪರಿನಲ್ಲಿ ಬಂದಿತ್ತು ಎನ್ನುವುದೂ ನಿಜ. ಜೂನ್‌ನಲ್ಲಿ ಬೀದಿಗಿಳಿದಷ್ಟು ಜನ ಆಗ ಅರ್ಜಿ ಬರೆದಿದ್ದರೆ ಆಯೋಗಕ್ಕೆ ಉತ್ತರ ಬರೆಯುವುದೇ ಕೆಲಸವಾಗುತ್ತಿತ್ತು. ಚುನಾವಣೆಯ ವರ್ಷದಲ್ಲಿ ಏಪ್ರಿಲ್, ಮೇ ತಿಂಗಳ ಮಾಲಿಗೆ ಬೆಲೆ ಕಟ್ಟುವಾಗ ಪ್ರಸ್ತಾವಿತ ದರವನ್ನೇ ಹಿಡಿಯುವುದು ಜಾಣತನ.

ಆ ಮೂವತ್ತು ದಿನದಲ್ಲಿ ಮಾಡುವುದೇನು

‘ದರ ಏರಿಸಬೇಡಿ, ಸಣ್ಣ ಉದ್ಯಮ ಮುಳುಗುತ್ತದೆ’ ಎಂದು ಬರೆದ ಆಕ್ಷೇಪಣೆಗೆ ಬರುವ ಉತ್ತರ ಒಂದೇ ಸಾಲಿನದು: ವಿದ್ಯುತ್ ಖರೀದಿ ವೆಚ್ಚ ಹೆಚ್ಚಾಗಿರುವುದರಿಂದ ಏರಿಕೆ ಅನಿವಾರ್ಯ. ಅಲ್ಲಿಗೆ ಮುಗಿಯಿತು. ಆದೇಶದಲ್ಲಿ ನಿಮ್ಮ ಹೆಸರು, ಆ ಸಾಲು ಎರಡೂ ಅಚ್ಚಾಗುತ್ತವೆ, ದರ ಹಾಗೇ ಇರುತ್ತದೆ.

ಉತ್ತರಿಸಲು ಕಷ್ಟವಾಗುವಂಥ ಆಕ್ಷೇಪಣೆ ಬರೆಯಬೇಕು. ಅದಕ್ಕೆ ಮೂರು ಕಾಗದ ಎದುರಿಗಿರಲಿ: ಈ ಸಲದ ಅರ್ಜಿ, ಹಿಂದಿನ ವರ್ಷದ ದರ ಆದೇಶ, ನಿಮ್ಮ ಹನ್ನೆರಡು ತಿಂಗಳ ಬಿಲ್. ಮೊದಲ ಎರಡು ಬೆಸ್ಕಾಂ ಮತ್ತು ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತವೆ. ನೂರಾರು ಪುಟ ಇರುತ್ತದೆ, ಹೆದರಬೇಡಿ; ಓದಬೇಕಾದದ್ದು ನಾಲ್ಕೈದು ಕೋಷ್ಟಕ ಅಷ್ಟೆ.

ವಿತರಣಾ ನಷ್ಟದ, ಅಂದರೆ ಕಂಪನಿ ತಂದ ಕರೆಂಟಿನಲ್ಲಿ ಗ್ರಾಹಕರಿಗೆ ತಲುಪದೆ ದಾರಿಯಲ್ಲೇ ಹೋದದ್ದರ ಕೋಷ್ಟಕದಿಂದ ಶುರು ಮಾಡಿ. ಹಿಂದಿನ ಆದೇಶದಲ್ಲಿ ಆಯೋಗ ಇಷ್ಟೇ ನಷ್ಟ ಒಪ್ಪುತ್ತೇನೆ ಎಂದು ಮಿತಿ ಹಾಕಿರುತ್ತದೆ. ಕಂಪನಿ ಈಗ ತೋರಿಸಿದ ನಷ್ಟ ಅದಕ್ಕಿಂತ ಹೆಚ್ಚಿದ್ದರೆ, ಆ ಹೆಚ್ಚುವರಿ ಯೂನಿಟ್ ಖರೀದಿಸಿದ ಹಣವನ್ನು ಗ್ರಾಹಕರ ಮೇಲೆ ಹಾಕಬಾರದು ಎನ್ನುವುದು ಆಯೋಗವೇ ಒಪ್ಪಿರುವ ತತ್ವ. ಎರಡನೆಯದು ವಿದ್ಯುತ್ ಖರೀದಿ. ಒಟ್ಟು ಖರ್ಚಿನಲ್ಲಿ ಸಿಂಹಪಾಲು ಇದೇ. ದುಬಾರಿ ಮೂಲದಿಂದ ಎಷ್ಟು ತಂದರು, ಅಗ್ಗದ ಮೂಲದಿಂದ ಎಷ್ಟು ಬಿಟ್ಟರು, ಹಿಂದಿನ ವರ್ಷ ಅಂದಾಜಿಸಿದ್ದಕ್ಕೂ ನಿಜವಾಗಿ ತಂದದ್ದಕ್ಕೂ ಎಷ್ಟು ಅಂತರ ಎಂದು ಹೋಲಿಸಿ. ಮೂರನೆಯದು ಸರಾಸರಿ ಪೂರೈಕೆ ವೆಚ್ಚ, ಅಂದರೆ ಒಂದು ಯೂನಿಟ್ ತಲುಪಿಸಲು ಕಂಪನಿಗೆ ಸರಾಸರಿ ತಗಲುವ ಖರ್ಚು. ರಾಷ್ಟ್ರೀಯ ದರ ನೀತಿಯ ಪ್ರಕಾರ ಯಾವ ವರ್ಗದ ದರವೂ ಈ ಸರಾಸರಿಯ ಶೇ 20ಕ್ಕಿಂತ ಆಚೀಚೆ ಇರಬಾರದು. ನಿಮ್ಮ ವರ್ಗದ ಪ್ರಸ್ತಾವಿತ ದರ ಆ ಗೆರೆ ದಾಟುತ್ತಿದ್ದರೆ ಅದೊಂದೇ ಅಂಶಕ್ಕೆ ಒಂದು ಇಡೀ ಪುಟ ಕೊಡಿ.

ಸರಾಸರಿ ಏರಿಕೆಯನ್ನು ಓದಿ ಮೋಸ ಹೋಗುವವರೇ ಹೆಚ್ಚು. ಪೇಪರಿನ ತಲೆಬರಹ ಯೂನಿಟ್‌ಗೆ ಇಷ್ಟು ಪೈಸೆ ಎನ್ನುತ್ತದೆ. ಸಣ್ಣ ಕೈಗಾರಿಕೆಗಳ ವರ್ಗವಾದ ಎಲ್‌ಟಿ-5ರ ನಿಮ್ಮ ಮೀಟರಿಗೆ ಬರುವುದು ಎರಡು ತುಂಡು: ಮಂಜೂರಾದ ಲೋಡಿಗೆ ತಿಂಗಳಿಗಿಷ್ಟು ಎಂದು ನಿಗದಿತ ಶುಲ್ಕ, ಬಳಸಿದ ಯೂನಿಟ್‌ಗಿಷ್ಟು ಎಂದು ವಿದ್ಯುತ್ ಶುಲ್ಕ. ಯೂನಿಟ್ ದರ ಇಳಿದು ನಿಗದಿತ ಶುಲ್ಕ ಏರುವ ಆದೇಶವೂ ಬರಬಹುದು. ವರ್ಷದಲ್ಲಿ ಐದೇ ತಿಂಗಳು ತಿರುಗುವ ಗಿರಣಿಗೆ ಅದು ಏರಿಕೆಯೇ, ಏಕೆಂದರೆ ಬಾಗಿಲು ಹಾಕಿದ ಏಳು ತಿಂಗಳೂ ನಿಗದಿತ ಶುಲ್ಕ ಓಡುತ್ತಿರುತ್ತದೆ. ಹಂಗಾಮಿನ ಗಿರಣಿಯವರು ತಮ್ಮ ಹನ್ನೆರಡು ಬಿಲ್ಲುಗಳಿಗೆ ಪ್ರಸ್ತಾವಿತ ದರ ಹಾಕಿ ಲೆಕ್ಕ ಮಾಡಿದ ಒಂದು ಹಾಳೆಯನ್ನು ಆಕ್ಷೇಪಣೆಗೆ ಲಗತ್ತಿಸಿದರೆ, ಅದಕ್ಕೆ ಕಂಪನಿ ಒಂದು ಸಾಲಿನಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ.

ಕಾಗದಪತ್ರದ ಕ್ರಮ ಹೀಗೆ. ಆಯೋಗದ ಕಾರ್ಯದರ್ಶಿಗೆ ಬರೆಯಬೇಕು. ಹೆಸರು, ವಿಳಾಸ, ಆರ್‌.ಆರ್. ನಂಬರ್, ಯಾವ ವರ್ಗದ ಸಂಪರ್ಕ ಎನ್ನುವುದು ಮೇಲ್ಗಡೆಯೇ ಇರಲಿ. ಪ್ಯಾರಾಗಳಿಗೆ ನಂಬರ್ ಹಾಕಿ, ಅರ್ಜಿಯ ಯಾವ ಪುಟದ ಯಾವ ಕೋಷ್ಟಕ ಎಂದು ಸೂಚಿಸಿ. ನೋಟರಿಯ ಮುಂದೆ ಸಹಿ ಮಾಡಿದ ಪ್ರಮಾಣಪತ್ರ (ಅಫಿಡವಿಟ್) ಜೊತೆಗಿರಬೇಕು. ಇದಿಲ್ಲದೆ ಕಳಿಸಿದ ಒಳ್ಳೊಳ್ಳೆಯ ಆಕ್ಷೇಪಣೆಗಳು ಬರೀ ಪತ್ರಗಳಾಗಿ ಕಡತದಲ್ಲಿ ಉಳಿದುಬಿಡುತ್ತವೆ. ಪ್ರಕಟಣೆಯಲ್ಲಿ ಕೇಳಿದಷ್ಟು ಪ್ರತಿ ಆಯೋಗಕ್ಕೆ, ಒಂದು ಪ್ರತಿ ಬೆಸ್ಕಾಂಗೆ. ವಿಚಾರಣೆಯಲ್ಲಿ ಮಾತಾಡಬೇಕಿದ್ದರೆ ಅದನ್ನೂ ಪತ್ರದಲ್ಲೇ ಬರೆಯಿರಿ. ಕೊನೆಯ ದಿನ ಎಂದರೆ ಪತ್ರ ಅಲ್ಲಿಗೆ ತಲುಪುವ ದಿನ, ಇಲ್ಲಿಂದ ಪೋಸ್ಟ್ ಮಾಡುವ ದಿನ ಅಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಕಳಿಸುವವರು ಮೂರ್ನಾಲ್ಕು ದಿನ ಮುಂಚೆಯೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಲಿ. ಕಂಪನಿಯಿಂದ ಲಿಖಿತ ಉತ್ತರ ನಿಮಗೆ ಬರುತ್ತದೆ. ಅದನ್ನು ಓದದೆ ವಿಚಾರಣೆಗೆ ಹೋಗಬೇಡಿ, ಸಿಗುವ ಐದು ನಿಮಿಷವನ್ನು ಆ ಉತ್ತರದಲ್ಲಿ ಬಿಟ್ಟುಹೋದದ್ದು ಯಾವುದು ಎಂದು ಹೇಳುವುದಕ್ಕೇ ಬಳಸಬೇಕು. ಒಬ್ಬೊಬ್ಬರೇ 260 ಕಿಲೋಮೀಟರ್ ಓಡುವ ಬದಲು ಒಂದು ವರ್ಗದ ಹತ್ತು ಜನ ಸೇರಿ ಹತ್ತು ಆಕ್ಷೇಪಣೆ ಹಾಕಿ, ಮಾತಾಡಲು ಒಬ್ಬರನ್ನು ಕಳಿಸಿದರೆ ಸಾಕು.

ಎರಡು ವರ್ಷ ಹಳೆಯ ಖರ್ಚು

ದರದ ಲೆಕ್ಕದಲ್ಲಿ ಜನರಿಗೆ ಅರ್ಥವಾಗದೆ ಉಳಿಯುವ ಭಾಗ ಇದು. ಆಯೋಗ ದರ ಕಟ್ಟುವುದು ಅಂದಾಜಿನ ಮೇಲೆ. ವರ್ಷ ಮುಗಿದ ಮೇಲೆ ನಿಜವಾದ ಖರ್ಚು ಬೇರೆಯೇ ಆಗಿರುತ್ತದೆ. ಆ ವ್ಯತ್ಯಾಸ ಸರಿಹೊಂದಿಸುವುದಕ್ಕೆ ಟ್ರೂಯಿಂಗ್ ಅಪ್ ಎನ್ನುತ್ತಾರೆ. 2023-24ನ್ನೇ ತೆಗೆದುಕೊಳ್ಳಿ. ಆ ವರ್ಷ ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಹೊರಗಿನಿಂದ ಕರೆಂಟ್ ಕೊಳ್ಳಬೇಕಾಯಿತು. ಆ ವರ್ಷದ ಪುಸ್ತಕ ಮುಚ್ಚಿದ್ದು 2024ರ ಮಾರ್ಚ್ 31ಕ್ಕೆ. ಲೆಕ್ಕಪರಿಶೋಧನೆ ಮುಗಿದು, ಅರ್ಜಿ ಆಯೋಗಕ್ಕೆ ಹೋಗುವುದು 2024ರ ನವೆಂಬರ್‌ಗೆ. ಆದೇಶ 2025ರ ಮಾರ್ಚ್ 27ಕ್ಕೆ. ಬಿಲ್ಲಿಗೆ ಹತ್ತುವುದು 2025ರ ಏಪ್ರಿಲ್ ನಂತರ. 2023ರಲ್ಲಿ ಯಾರೋ ಓಡಿಸಿದ ಮೋಟಾರಿನ ಖರ್ಚಿನ ಪಾಲನ್ನು 2025ರಲ್ಲಿ ಹೊಸದಾಗಿ ಮಿಲ್ಲು ಹಾಕಿದವನು ಕಟ್ಟುತ್ತಾನೆ. ಅನ್ಯಾಯ ಅನ್ನಿಸಿದರೂ ಪದ್ಧತಿ ಹಾಗೇ ಕಟ್ಟಿದೆ. ಲೆಕ್ಕಪರಿಶೋಧನೆ ಆಗದ ಅಂಕಿಯ ಮೇಲೆ ವಸೂಲಿಗೆ ಬಿಟ್ಟರೆ ಅದು ಇನ್ನೂ ದೊಡ್ಡ ಅನ್ಯಾಯ.

ಈ ಬಾಕಿಯನ್ನು ವಸೂಲಿ ಮಾಡದೆ ಮುಂದೂಡುತ್ತಾ ಹೋಗುವ ಅಭ್ಯಾಸ ಕೆಲವು ರಾಜ್ಯಗಳಲ್ಲಿ ಬೆಟ್ಟವಾಗಿ ಬೆಳೆದಿತ್ತು. 2025ರ ಆಗಸ್ಟ್ 6ರಂದು ಸುಪ್ರೀಂ ಕೋರ್ಟ್ ಅದಕ್ಕೂ ಗಡುವು ಹಾಕಿದೆ: ಹೊಸ ಬಾಕಿ ಮೂರು ವರ್ಷದೊಳಗೆ ತೀರಬೇಕು, ಹಳೆಯದು 2024ರ ಏಪ್ರಿಲ್ 1ರಿಂದ ಏಳು ವರ್ಷದೊಳಗೆ. ಇನ್ನು ಮುಂದೆ ದರ ಏರದ ವರ್ಷ ಬಂದರೆ ಖುಷಿಪಡುವ ಮುಂಚೆ ಎಷ್ಟು ಬಾಕಿಯನ್ನು ಮುಂದಕ್ಕೆ ತಳ್ಳಿದ್ದಾರೆ ಎಂದು ಆದೇಶದಲ್ಲಿ ನೋಡಿ.

2025ರ ಮಾರ್ಚ್‌ನ ಆದೇಶ ಒಂದು ವರ್ಷದ್ದಲ್ಲ, 2025-26ರಿಂದ 2027-28ರವರೆಗೆ ಮೂರು ವರ್ಷದ್ದು. ಮೂರು ವರ್ಷ ನೆಮ್ಮದಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ನವೆಂಬರ್‌ನಲ್ಲಿ ಕಳೆದ ವರ್ಷದ ಕಾರ್ಯನಿರ್ವಹಣೆಯ ಪರಿಶೀಲನೆಗೆ ಅರ್ಜಿ ಹಾಕುವುದು ನಿಂತಿಲ್ಲ, ಟ್ರೂಯಿಂಗ್ ಅಪ್ ನಿಂತಿಲ್ಲ, ಹಾಗಾಗಿ ಆಕ್ಷೇಪಣೆಯ ಅವಕಾಶವೂ ನಿಂತಿಲ್ಲ. ಅದೇ ಹೊತ್ತಿಗೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಬಂತು; ಮುಂದಿನ ಎರಡು ವರ್ಷಕ್ಕೆ 35 ಮತ್ತು 34 ಪೈಸೆ ಎಂದು ಬರೆದಿತ್ತು. ತಿಂಗಳಿಗೆ ಹತ್ತು ಸಾವಿರ ಯೂನಿಟ್ ಸುಡುವ ಗಿರಣಿಗೆ 36 ಪೈಸೆ ಎಂದರೆ ತಿಂಗಳಿಗೆ 3,600 ರೂಪಾಯಿ, ವರ್ಷಕ್ಕೆ 43,200. ಮೂರು ವರ್ಷದ ಅಂಕಿ ಮೊದಲೇ ಗೊತ್ತಿರುವುದು ಒಂದು ದೃಷ್ಟಿಯಲ್ಲಿ ಒಳ್ಳೆಯದೇ, ಸಾಲದ ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರಿಗೆ ಊಹೆ ಮಾಡುವ ಕೆಲಸ ಕಡಿಮೆ.

ವರ್ಷಕ್ಕೊಂದೇ ಸಲ ಎನ್ನುವ ನಿಯಮದಿಂದ ಹೊರಗಿರುವ ಇಂಧನ ಹೊಂದಾಣಿಕೆ ಶುಲ್ಕಕ್ಕೆ ಬೇರೆ ವಾಯಿದೆ. ಹಿಂದೆ ಮೂರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಕೇಂದ್ರ 2022ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿದ ಮೇಲೆ ಅದು ತಿಂಗಳ ಲೆಕ್ಕಕ್ಕೆ ಬಂದಿದೆ: ಏಪ್ರಿಲ್‌ನಲ್ಲಿ ಖರೀದಿಗೆ ಹೆಚ್ಚಾದದ್ದು ಜೂನ್ ಬಿಲ್ಲಿಗೆ, ಮೇ ತಿಂಗಳದ್ದು ಜುಲೈಗೆ. ಇಲ್ಲಿ ಆಕ್ಷೇಪಣೆಯೂ ಇಲ್ಲ, ವಿಚಾರಣೆಯೂ ಇಲ್ಲ. ಆದರೆ ಕಂಪನಿಗೂ ಒಂದು ಕಡಿವಾಣ ಇದೆ. ಕೇಂದ್ರದ ಆ ನಿಯಮದಲ್ಲಿ, ತಕ್ಕ ಕಾಲಕ್ಕೆ ಲೆಕ್ಕ ಹಾಕಿ ವಸೂಲಿ ಮಾಡದಿದ್ದರೆ ಆ ಹಣದ ಹಕ್ಕೇ ಹೋಗುತ್ತದೆ, ಅನಿವಾರ್ಯ ಸಂಕಟದ ಸಂದರ್ಭ ಬಿಟ್ಟು. ಆರು ತಿಂಗಳ ಹಿಂದಿನ ಇಂಧನ ಶುಲ್ಕ ಎಂದು ಬಿಲ್ಲಿನಲ್ಲಿ ಕಂಡರೆ ಯಾವ ತಿಂಗಳದು, ಯಾವ ಆದೇಶದ ಪ್ರಕಾರ ಎಂದು ಲಿಖಿತವಾಗಿ ಕೇಳಿ.

ಅವಧಿ ಮುಗಿಯುವ ಮುಂಚೆ ಕತ್ತರಿ ಬಿದ್ದಾಗ

ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಿಗೆ ಸಿಗುವ ದರದ್ದು ಇನ್ನೊಂದು ಪಾಠ. ಅಲ್ಲಿ ನೀವು ಕರೆಂಟ್ ಮಾರುವವರು, ದರ ಏರಿದಷ್ಟೂ ಸಂತೋಷ. ಗಾಳಿ ವಿದ್ಯುತ್ತಿಗೆ ಆಯೋಗ 2005ರಲ್ಲಿ ಯೂನಿಟ್‌ಗೆ 3.40 ರೂಪಾಯಿ ಇಟ್ಟಿತು, 2009ರಲ್ಲಿ 3.70, 2012ರಲ್ಲಿ 4.20, 2015ರ ಫೆಬ್ರವರಿಯಲ್ಲಿ 4.50. ಕೊನೆಯದು 2018ರ ಮಾರ್ಚ್ 31ರವರೆಗೆ ಚಾಲೂ ಆಗುವ ಯೋಜನೆಗಳಿಗೆ ಎಂದಿತ್ತು. ಮೂರು ವರ್ಷದ ಭರವಸೆ ನಂಬಿ ಜಮೀನು ಕೊಂಡವರಿದ್ದರು.

2017ರ ಫೆಬ್ರವರಿಯಲ್ಲಿ ದೇಶದ ಮೊದಲ ಗಾಳಿ ವಿದ್ಯುತ್ ಹರಾಜಿನಲ್ಲಿ ದರ 3.46ಕ್ಕೆ ಕುಸಿಯಿತು. ಅದೇ ವರ್ಷ ಸೆಪ್ಟೆಂಬರ್ 4ರಂದು ಕೆಇಆರ್‌ಸಿ ತನ್ನ ದರವನ್ನು 3.74ಕ್ಕೆ ಇಳಿಸಿತು, ಅವಧಿ ಮುಗಿಯಲು ಇನ್ನೂ ಆರೇಳು ತಿಂಗಳು ಇರುವಾಗಲೇ. ಯೂನಿಟ್‌ಗೆ 76 ಪೈಸೆ ಖೋತಾ. ಒಂದು ದರ ಇಂಥ ದಿನದವರೆಗೆ ಎಂದು ಹಾಕುವ ನಿಯಂತ್ರಣ ಅವಧಿ ಎಂದರೆ ಆಯೋಗ ಅಲ್ಲಿಯತನಕ ಕೈ ಕಟ್ಟಿ ಕೂರುತ್ತದೆ ಎಂದಲ್ಲ. ಮಾರುಕಟ್ಟೆ ತಲೆಕೆಳಗಾದರೆ ನಡುವೆಯೂ ತೆರೆದು ನೋಡುವ ಅಧಿಕಾರ ಅದಕ್ಕಿದೆ. ಆಗ ನಿಮ್ಮನ್ನು ಉಳಿಸುವುದು ಸಹಿಯಾಗಿ ಆಯೋಗದ ಒಪ್ಪಿಗೆ ಪಡೆದ ಖರೀದಿ ಒಪ್ಪಂದ ಮಾತ್ರ, ದರದ ಆದೇಶದ ಜೆರಾಕ್ಸ್ ಅಲ್ಲ. ಯೋಜನೆಯ ದಿನಗಳನ್ನು ಕೊನೆಯ ತಾರೀಕಿನಿಂದ ಹಿಂದಕ್ಕೆ ಎಣಿಸುವ ಚಾಳಿ ಇರುವವರು ಒಪ್ಪಂದದ ಒಪ್ಪಿಗೆಗೆ ಬೇಕಾದ ತಿಂಗಳುಗಳನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು.

ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಪದ್ಧತಿ ಇನ್ನೂ ಉದ್ದ. ಅದರ ದರ ನಿಯಮಗಳು ಐದು ವರ್ಷಕ್ಕೊಮ್ಮೆ, ಈಗಿನದು 2024ರಿಂದ 2029ರವರೆಗೆ. ಉದ್ದ ಅವಧಿಯಲ್ಲಿ ಸಾಲ ಕೊಡುವ ಬ್ಯಾಂಕಿಗೆ ಧೈರ್ಯ, ಆದರೆ ತಪ್ಪಾಗಿ ಕಟ್ಟಿದ ಒಂದು ಅಂದಾಜು ಐದು ವರ್ಷ ಎಲ್ಲರನ್ನೂ ಕಾಡುತ್ತದೆ. ನನ್ನ ಮಟ್ಟಿಗೆ ಬಿತ್ತನೆ, ಮಳೆ, ಪಂಪ್‌ಸೆಟ್ ಇಷ್ಟೊಂದು ತೂಗಾಡುವ ರಾಜ್ಯಕ್ಕೆ ಮೂರು ವರ್ಷವೇ ಸರಿಯಾದ ಅಳತೆ.

ಆದೇಶ ಬಂದ ಮೇಲೆ

ಆದೇಶದಲ್ಲಿ ಕಣ್ಣಿಗೆ ಕಾಣುವ ತಪ್ಪಿದ್ದರೆ, ಕೂಡುವಲ್ಲಿ ಎಡವಿದ್ದರೆ ಅಥವಾ ಆಗ ಸಿಗದಿದ್ದ ಹೊಸ ದಾಖಲೆ ಸಿಕ್ಕಿದ್ದರೆ ಅದೇ ಆಯೋಗಕ್ಕೆ ಮರುಪರಿಶೀಲನಾ ಅರ್ಜಿ. ‘ನಮ್ಮ ವಾದ ಸರಿಯಾಗಿ ಪರಿಗಣಿಸಿಲ್ಲ’ ಎನ್ನುವುದು ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಮೇಲ್ಮನವಿಯೇ ದಾರಿ: ಸೆಕ್ಷನ್ 111ರ ಪ್ರಕಾರ ಆದೇಶ ಸಿಕ್ಕ 45 ದಿನದೊಳಗೆ ದೆಹಲಿಯ ನ್ಯಾಯಮಂಡಳಿಗೆ. 180 ದಿನದಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಯತ್ನಿಸಬೇಕು ಎನ್ನುವ ಪದವನ್ನು ಎರಡು ಸಲ ಓದಿಕೊಳ್ಳಿ. ಅಲ್ಲಿಂದ ಮುಂದೆ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ 60 ದಿನದೊಳಗೆ ಸುಪ್ರೀಂ ಕೋರ್ಟು. ಆಕ್ಷೇಪಣೆಯಲ್ಲಿ ಎತ್ತದ ಅಂಶವನ್ನು ಮೇಲ್ಮನವಿಯಲ್ಲಿ ಮೊದಲ ಸಲ ಎತ್ತಿದರೆ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆಯೇ ‘ಅಲ್ಲಿ ಯಾಕೆ ಹೇಳಲಿಲ್ಲ’ ಎಂದು.

ಇದಕ್ಕೂ ಸೆಕ್ಷನ್ 126ಕ್ಕೂ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಜಾಗೃತ ದಳ ಬಂದು, ಗಿರಣಿ ಮೀಟರಿನಿಂದ ಪಕ್ಕದ ಅಂಗಡಿಗೆ ವೈರ್ ಎಳೆದಿದ್ದೀರಿ ಎಂದೋ ಮಂಜೂರಿಗಿಂತ ಹೆಚ್ಚು ಲೋಡ್ ಹಾಕಿದ್ದೀರಿ ಎಂದೋ ನೋಟಿಸ್ ಕೊಟ್ಟರೆ ಅದು ದರದ ವಿಷಯವಲ್ಲ, ಅನಧಿಕೃತ ಬಳಕೆ. ಮೊದಲು ಬರುವ ತಾತ್ಕಾಲಿಕ ಆದೇಶಕ್ಕೆ ಆಕ್ಷೇಪಣೆ ಹಾಕಬೇಕು, ಆ ತಾತ್ಕಾಲಿಕ ಆದೇಶ ನಿಮ್ಮ ಕೈಗೆ ಬಂದ 30 ದಿನದೊಳಗೆ ಅಂತಿಮ ಆದೇಶ ಬರುತ್ತದೆ, ಅದರ ಮೇಲೆ ಮತ್ತೆ 30 ದಿನದೊಳಗೆ ಮೇಲ್ಮನವಿ, ಅರ್ಧ ಹಣ ಕಟ್ಟಿ. ದಂಡ ಎರಡು ಪಟ್ಟು ದರದಲ್ಲಿ. ಯಾವಾಗಿನಿಂದ ಎಂದು ಪತ್ತೆಯಾಗದಿದ್ದರೆ ಹಿಂದಿನ 12 ತಿಂಗಳಿಗೆ. ಎಲ್ಲರೂ ಎಡವುವುದು ತಾತ್ಕಾಲಿಕ ಆದೇಶವನ್ನು ಸಾದಾ ನೋಟಿಸ್ ಎಂದುಕೊಂಡು ಡ್ರಾಯರಿಗೆ ತಳ್ಳಿದಾಗ.

ಬೇರೆ ಇಲಾಖೆಗಳ ತಾರೀಕುಗಳನ್ನೂ ಅದೇ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಬಹುದು. ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ, ವೇಬ್ರಿಡ್ಜಿಗೆ 12 ತಿಂಗಳಿಗೊಮ್ಮೆ ಮುದ್ರೆ. ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಟಣದ ಲೇಬಲ್ ನಿಯಮ ಬದಲಿಸಿದರೆ ಅದು ಜಾರಿಗೆ ಬರುವುದು ಜುಲೈ 1ಕ್ಕೆ. ಒಗ್ಗರಣೆ ಮಂಡಕ್ಕಿ ಪೊಟ್ಟಣ ಕಟ್ಟಿ ಮಾರುವವರು ಮೇ ತಿಂಗಳಲ್ಲಿ ಒಂದು ವರ್ಷಕ್ಕಾಗುವಷ್ಟು ಕವರ್ ಪ್ರಿಂಟ್ ಹಾಕಿಸುವ ಮುಂಚೆ ಒಮ್ಮೆ ವಿಚಾರಿಸಲಿ.

ಇನ್ನು ಹೊಸ ದರದ ಮೊದಲ ಬಿಲ್. ಕೆಇಆರ್‌ಸಿ ಆದೇಶಗಳಲ್ಲಿ ಬರುವ ವಾಕ್ಯ ಹೀಗಿರುತ್ತದೆ: ಏಪ್ರಿಲ್ 1 ಅಥವಾ ಅದರ ನಂತರ ಬರುವ ಮೊದಲ ಮೀಟರ್ ಓದುವ ದಿನದಿಂದ ಬಳಸಿದ ವಿದ್ಯುತ್ತಿಗೆ ಹೊಸ ದರ. ನಿಮ್ಮ ಮೀಟರ್ ಓದುವುದು ತಿಂಗಳ 8ಕ್ಕೆ ಎಂದುಕೊಳ್ಳಿ. ಏಪ್ರಿಲ್ 8ರಂದು ಓದಿ ಕೊಟ್ಟ ಬಿಲ್ಲಿನಲ್ಲಿರುವುದು ಮಾರ್ಚ್ 8ರಿಂದ ಏಪ್ರಿಲ್ 8ರವರೆಗಿನ ಬಳಕೆ, ಅದಕ್ಕೆ ಹಳೆಯ ದರ. ಹೊಸ ದರ ಬರಬೇಕಾದದ್ದು ಮೇ 8ರ ಬಿಲ್ಲಿಗೆ. ಏಪ್ರಿಲ್ ಬಿಲ್ಲಿಗೇ ಹೊಸ ದರ ಬಿದ್ದಿದ್ದು, ವ್ಯತ್ಯಾಸ ಯೂನಿಟ್‌ಗೆ 20 ಪೈಸೆ ಇದ್ದರೆ ಹತ್ತು ಸಾವಿರ ಯೂನಿಟ್‌ಗೆ 2,000 ರೂಪಾಯಿ. ಇದನ್ನು ಸರಿಪಡಿಸುವ ಅಧಿಕಾರ ಮಾತ್ರ ಸ್ಥಳೀಯ ಕಚೇರಿಯಲ್ಲೇ ಇದೆ. ಎರಡೂ ಬಿಲ್ಲಿನ ಜೆರಾಕ್ಸ್, ಆದೇಶದ ಆ ಒಂದು ಪುಟ, ಆರ್‌.ಆರ್. ನಂಬರ್ ಹಾಕಿದ ಅರ್ಜಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.